ಚದುರಿದ ಗಮನಕ್ಕೆ ಬಾಟಲಿಯ ಮದ್ದೇ?

ತೊಗರಿ ಸುಗ್ಗಿಯ ದಿನಗಳಲ್ಲಿ ಯಾದಗಿರಿಯ ಗಂಜ್‌ನಲ್ಲಿ ಅಡತಿ ವ್ಯಾಪಾರಿಯ ಮುಂಜಾನೆ ಹೇಗೆ ಸಾಗುತ್ತದೆ ಎಂಬುದನ್ನು ಮುದನಾಳದಿಂದ ಸುರಪುರದವರೆಗಿನ ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದೆಡೆ ಚೀಲಗಳು ಇಳಿಯುತ್ತಿರುತ್ತವೆ, ಇನ್ನೊಂದೆಡೆ ತೂಕ ನಡೆದಿರುತ್ತದೆ, ರೈತ ಪಟ್ಟಿಗಾಗಿ ಕಾದು ನಿಂತಿರುತ್ತಾನೆ. 2014ರಿಂದ ರಾಜ್ಯದ ಮಾರುಕಟ್ಟೆಗಳಿಗೆ ಹಂತಹಂತವಾಗಿ ಬಂದ ಆನ್‌ಲೈನ್ ಟೆಂಡರಿನ ವೇಳೆ ಮುಗಿಯುತ್ತಿರುವಾಗಲೇ ಕಿಸೆಯಲ್ಲಿ ಮೊಬೈಲ್ ಮೊಳಗುತ್ತಿರುತ್ತದೆ. ಇಂಥ ಗದ್ದಲದಲ್ಲಿ ಒಂದು ಲಾಟಿನ ದರ ತಪ್ಪಿದರೆ ಅದು ಕಾಯಿಲೆಯಲ್ಲ. ಆದರೆ ಸುಗ್ಗಿ ಮುಗಿದು ಅಂಗಡಿ ಬಿಕೋ ಎನ್ನುವಾಗಲೂ ಕಿರ್ದಿಯ ಒಂದು ಪುಟವನ್ನು ಕುಳಿತು ಮುಗಿಸಲಾಗದವರು, ಪ್ರತಿ ತಿಂಗಳೂ ಜಿಎಸ್‌ಟಿ ರಿಟರ್ನ್ ಮರೆತು ವಿಳಂಬ ಶುಲ್ಕ ಕಟ್ಟುವವರು, ಕೊಟ್ಟ ಚೆಕ್ಕಿನ ನೆನಪಿಲ್ಲದೆ ನ್ಯಾಯಾಲಯದ ಮೆಟ್ಟಿಲು ಹತ್ತುವವರು ಪೇಟೆಯಲ್ಲಿ ಇದ್ದೇ ಇದ್ದಾರೆ. ಅಂಥವರನ್ನು ಹೊಣೆಗೇಡಿಗಳೆಂದು ಕರೆದು ಪೇಟೆ ಕೈತೊಳೆದುಕೊಳ್ಳುತ್ತದೆ. ಮೊದಲು ಪತ್ತು ಹೋಗುತ್ತದೆ, ಆಮೇಲೆ ಉದ್ದರಿ ನಿಲ್ಲುತ್ತದೆ.

ಇವರಲ್ಲಿ ಕೆಲವರಿಗಾದರೂ ಇರುವುದು ವೈದ್ಯಶಾಸ್ತ್ರ ಎಡಿಎಚ್‌ಡಿ ಎಂದು ಗುರುತಿಸುವ ಅವಧಾನದ ದೋಷ. ಇದು ಮಕ್ಕಳ ಸಮಸ್ಯೆ ಮಾತ್ರ ಎಂಬ ನಂಬಿಕೆ ಈಗ ಉಳಿದಿಲ್ಲ. 2013ರಲ್ಲಿ ಪರಿಷ್ಕೃತವಾದ ಅಮೆರಿಕದ ಮನೋವೈದ್ಯರ ಮಾನದಂಡದಂತೆ ಲಕ್ಷಣಗಳು ಹನ್ನೆರಡು ವರ್ಷದೊಳಗೆ ಕಾಣಿಸಿಕೊಂಡಿರಬೇಕು. ಅನೇಕರಲ್ಲಿ ಅವು ನಡುವಯಸ್ಸಿನವರೆಗೂ ಮುಂದುವರಿಯುತ್ತವೆ. ನಲವತ್ತೈದರಲ್ಲಿ ಹೊಸದಾಗಿ ಮರೆವು ಶುರುವಾದವರು ನಿದ್ರೆ, ಸಕ್ಕರೆ ಕಾಯಿಲೆ, ಥೈರಾಯ್ಡ್, ಖಿನ್ನತೆ, ಮದ್ಯ ಇವುಗಳಲ್ಲಿ ಕಾರಣ ಹುಡುಕಬೇಕಾಗುತ್ತದೆ. ಯಾವುದೆಂದು ತಿಳಿಯದೆ ಮದ್ದು ಕೊಳ್ಳುವುದು ಮಾದರಿ ನೋಡದೆ ಮಾಲು ಖರೀದಿಸಿದಂತೆ.

ಆದರೂ ಪೇಟೆಯಲ್ಲಿ ಮೊದಲು ಖರ್ಚಾಗುವುದು 'ನೈಸರ್ಗಿಕ' ಎಂಬ ಚೀಟಿಯುಳ್ಳ ಜ್ಞಾಪಕಶಕ್ತಿಯ ಬಾಟಲಿ. ಆಯುರ್ವೇದವನ್ನು ನಂಬುವವರು ಅದರ ಅತ್ಯಂತ ದುರ್ಬಲ ಭಾಗವನ್ನು ದುಬಾರಿ ಬೆಲೆಗೆ ಕೊಂಡು, ಬಲವಾದ ಭಾಗವನ್ನು ಪುಕ್ಕಟೆ ಸಿಕ್ಕರೂ ಬಿಟ್ಟುಬಿಡುತ್ತಿದ್ದಾರೆ ಎಂಬುದೇ ಇಲ್ಲಿಯ ತಕರಾರು.

ಬಾಟಲಿಯ ವಿಚಾರವನ್ನೇ ಮೊದಲು ನೋಡಬಹುದು. ಚರಕ ಸಂಹಿತೆ ಹೇಳುವ ಮೇಧ್ಯ ರಸಾಯನಗಳು ನಾಲ್ಕು: ಮಂಡೂಕಪರ್ಣಿಯ ರಸ, ಹಾಲಿನೊಡನೆ ಜ್ಯೇಷ್ಠಮಧುವಿನ ಪುಡಿ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ. ಮಂಡೂಕಪರ್ಣಿಯೆಂದರೆ ನಮ್ಮ ಒಂದೆಲಗ. ಕರ್ನಾಟಕದಲ್ಲಿ ಅನೇಕರು ಇದನ್ನೇ ಬ್ರಾಹ್ಮಿ ಎನ್ನುತ್ತಾರೆ. ಆದರೆ ಸಂಶೋಧಕರು ಬ್ರಾಹ್ಮಿಯೆಂದು ಪರೀಕ್ಷಿಸಿದ್ದು ಬಹುಮಟ್ಟಿಗೆ ಬೇರೆಯೇ ಗಿಡವಾದ ನೀರುಬ್ರಾಹ್ಮಿಯನ್ನು. ಶಂಖಪುಷ್ಪಿಯ ಹೆಸರಿನಲ್ಲಂತೂ ವಿಷ್ಣುಕ್ರಾಂತಿಯೂ ಸೇರಿದಂತೆ ಮೂರು ನಾಲ್ಕು ಗಿಡಗಳು ಚಲಾವಣೆಯಲ್ಲಿವೆ. ಒಂದೇ ಹೆಸರಿನಲ್ಲಿ ನಾಲ್ಕು ಮಾಲು ಬಂದರೆ ಕಾಳಿನ ವ್ಯಾಪಾರಿ ಒಪ್ಪುತ್ತಾನೆಯೇ? ಆರೋಗ್ಯವಂತ ವಯಸ್ಕರು ನೀರುಬ್ರಾಹ್ಮಿಯನ್ನು ಸುಮಾರು ಹನ್ನೆರಡು ವಾರ ಸೇವಿಸಿದ ಪ್ರಯೋಗಗಳಲ್ಲಿ ನೆನಪಿನ ವಿಷಯದಲ್ಲಿ ಅಲ್ಪಸ್ವಲ್ಪ ಅನುಕೂಲ ಕಂಡದ್ದುಂಟು. ಎಡಿಎಚ್‌ಡಿ ಇರುವ ವಯಸ್ಕರಿಗೆ ಅದು ಚಿಕಿತ್ಸೆ ಎನ್ನಲು ಇಷ್ಟು ಆಧಾರ ಸಾಲದು.

ನೈಸರ್ಗಿಕವೆಂದ ಮಾತ್ರಕ್ಕೆ ನಿರಪಾಯವೆಂದೂ ಅಲ್ಲ. ಶಂಖಪುಷ್ಪಿಯ ಸಿದ್ಧೌಷಧವು ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನ ಬಲವನ್ನು ಕುಗ್ಗಿಸುತ್ತದೆಂಬುದು 1990ರ ದಶಕದಿಂದಲೇ ತಿಳಿದ ಸಂಗತಿ. ಹಿರೇಮದ್ದಿನ, ಅಂದರೆ ಅಶ್ವಗಂಧದ ಸೇವನೆಯಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ. ಅಂತರ್ಜಾಲದಲ್ಲಿ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಐದರಲ್ಲೊಂದರಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತೆಂದು 2008ರಲ್ಲಿ ಪ್ರಕಟವಾಯಿತು. ಮನೋವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಬಿಟ್ಟು ಬಾಟಲಿ ಹಿಡಿಯುವುದು ಎಲ್ಲಕ್ಕಿಂತ ಅಪಾಯದ ಸಾಹಸ.

ಇನ್ನು ಪುಕ್ಕಟೆಯ ಭಾಗ. ಎಡಿಎಚ್‌ಡಿ ಎಂಬ ರೋಗವನ್ನು ಸಂಹಿತೆಗಳಲ್ಲಿ ಹುಡುಕುವುದು ವ್ಯರ್ಥ. ಆದರೆ ಮನಸ್ಸು ಅಣುವಾದುದು, ಒಂದೇ ಆದುದು ಎಂದು ಚರಕ ಸಂಹಿತೆ ಹೇಳುತ್ತದೆ. ಅದು ಏಕಕಾಲಕ್ಕೆ ಎರಡು ವಿಷಯಗಳಲ್ಲಿ ನಿಲ್ಲಲಾರದೆಂಬುದು ಇದರ ತಾತ್ಪರ್ಯ. ಕಿವಿಯಲ್ಲಿ ಫೋನು, ಕಣ್ಣಲ್ಲಿ ತಕ್ಕಡಿ ಇಟ್ಟುಕೊಂಡವರಿಗೆ ಇದಕ್ಕಿಂತ ನೇರ ವ್ಯಾಖ್ಯಾನ ಬೇಕಿಲ್ಲ. ಅಹಿತ ವಿಷಯಗಳಿಂದ ಮನಸ್ಸನ್ನು ಹಿಂದೆಳೆಯುವ ಕ್ರಮವನ್ನು ಅದೇ ಗ್ರಂಥ ಸತ್ವಾವಜಯವೆಂದು ಕರೆದು ಮೂರು ಚಿಕಿತ್ಸೆಗಳಲ್ಲಿ ಒಂದಾಗಿ ಎಣಿಸುತ್ತದೆ. ಗಂಜ್‌ನ ಭಾಷೆಯಲ್ಲಿ ಹೇಳುವುದಾದರೆ, ಟೆಂಡರಿನ ಹೊತ್ತಿನಲ್ಲಿ ಮೊಬೈಲ್ ಮುನೀಮನ ಕೈಯಲ್ಲಿರಬೇಕು. ಮಾತು ಮುಗಿದ ಕ್ಷಣವೇ ವ್ಯವಹಾರ ಕಚ್ಚಾ ವಹಿಗೆ ಏರಬೇಕು. ಹಿಂದಿನವರು ಕಚ್ಚಾ ವಹಿ ಇಟ್ಟದ್ದು ತಲೆಯನ್ನು ನಂಬಬಾರದೆಂದೇ.

ಆಹಾರ ಮತ್ತು ನಿದ್ರೆಯನ್ನು ಚರಕ ಸಂಹಿತೆ ದೇಹದ ಆಧಾರಸ್ತಂಭಗಳಲ್ಲಿ ಎಣಿಸಿದೆ. ಜ್ಞಾನ ಅಜ್ಞಾನಗಳೂ ನಿದ್ರೆಯನ್ನೇ ಅವಲಂಬಿಸಿವೆ ಎನ್ನುತ್ತದೆ. ರಾತ್ರಿ ಹನ್ನೊಂದಕ್ಕೆ ಊಟ, ಒಂದರವರೆಗೆ ಮೊಬೈಲ್, ಬೆಳಗ್ಗೆ ಬರೀ ಚಹಾ ಎಂಬ ಅಂಗಡಿಕಾರರ ದಿನಚರಿ ಒಂದೆಲಗದಿಂದ ಸರಿಹೋಗುವಂಥದ್ದಲ್ಲ. ಹಗಲು ನಿದ್ರೆಗೆ ಆಯುರ್ವೇದ ಸಾಮಾನ್ಯವಾಗಿ ಸಮ್ಮತಿಸುವುದಿಲ್ಲ, ಆದರೆ ಗ್ರೀಷ್ಮದಲ್ಲಿ ಬಿನಾಯಿತಿ ಕೊಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಯಾದಗಿರಿಗೆಂದೇ ಕೊಟ್ಟಂತಿದೆ. ನಿಯತ ವೇಳೆಯ ಊಟ, ನಡಿಗೆ, ನೆತ್ತಿ ಮತ್ತು ಪಾದಕ್ಕೆ ಎಣ್ಣೆ ಇವುಗಳಿಂದ ಎಡಿಎಚ್‌ಡಿ ವಾಸಿಯಾಗುತ್ತದೆಂದಲ್ಲ. ಚಿಕಿತ್ಸೆಯೊಡನೆ ಇವು ಸೇರಿದರೆ ದಿನಕ್ಕೊಂದು ಚೌಕಟ್ಟು ಸಿಗುತ್ತದೆ, ಗಮನ ಚದುರುವವನಿಗೆ ಮುಖ್ಯವಾಗಿ ಬೇಕಾದದ್ದು ಅದು.

ತಪಾಸಣೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಿಂದ 14416 ಸಂಖ್ಯೆಯ ಟೆಲಿ ಮಾನಸ್ ಸೇವೆಯೂ ಇದೆ.

ಈ ಬಾಟಲಿಗಳನ್ನು ಮಾರುವವರೂ ವರ್ತಕರೇ ಆದುದರಿಂದ ಇನ್ನೊಂದು ಮಾತು ಅಗತ್ಯ. ಆಯುರ್ವೇದ ಔಷಧದ ತಯಾರಿಕೆಗೆ ಪರವಾನಗಿ ಬೇಕು. ಮಾರಾಟಕ್ಕೆ ಕೇಂದ್ರದ ಔಷಧ ಕಾಯಿದೆ ಅಂಥ ಪರವಾನಗಿ ಕೇಳುವುದಿಲ್ಲ. ಹಾಗೆಂದು ಅಂಗಡಿಯ ಮುಂದೆ ಏನು ಬೇಕಾದರೂ ಬರೆದು ತೂಗುಹಾಕುವಂತಿಲ್ಲ. ಆಕ್ಷೇಪಾರ್ಹ ಜಾಹೀರಾತುಗಳ ವಿರುದ್ಧ 1954ರಲ್ಲಿ ಬಂದ ಕಾಯಿದೆಯ ಅನುಸೂಚಿಯಲ್ಲಿ ಮಿದುಳಿನ ರೋಗಗಳೂ ಸೇರಿವೆ. ಕರಪತ್ರ, ಚೀಟಿ, ಹೊದಿಕೆ ಎಲ್ಲವೂ ಅದರ ದೃಷ್ಟಿಯಲ್ಲಿ ಜಾಹೀರಾತೇ. ಬಾಟಲಿ ಕೇಳಿ ಬಂದ ಗಿರಾಕಿಗೆ ಈಗಾಗಲೇ ಯಾವ ಗುಳಿಗೆ ನಡೆದಿದೆ ಎಂದು ವಿಚಾರಿಸಲು ಅಂಗಡಿಕಾರನಿಗೆ ಅರ್ಧ ನಿಮಿಷ ಹಿಡಿದೀತು.