ಮಾಯದ ಹುಣ್ಣಿಗೆ ಒಬ್ಬ ವೈದ್ಯ ಸಾಲದು

ಕಣಕಾಲಿನ ಬಳಿ ತಿಂಗಳುಗಟ್ಟಲೆ ಮಾಯದೆ ಉಳಿಯುವ ಹುಣ್ಣನ್ನು ಕಂಡೊಡನೆ ನಾವು ಸಾಮಾನ್ಯವಾಗಿ ಮಧುಮೇಹವನ್ನೋ ಉಬ್ಬಿದ ಸಿರೆಗಳನ್ನೋ ಶಂಕಿಸುತ್ತೇವೆ. ರೋಗಿಯು ಎಳೆಯ ಪ್ರಾಯದವನಾಗಿದ್ದು ಇವೆರಡೂ ಇಲ್ಲವಾದರೆ ಮೂಲವನ್ನು ರಕ್ತದಲ್ಲಿಯೂ ಅರಸಬೇಕು. ಅಂತಹ ಕಾರಣಗಳಲ್ಲಿ ಮುಖ್ಯವಾದುದು ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತಹೀನತೆ. ನಮ್ಮ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಸೋಲಿಗ, ಜೇನುಕುರುಬ, ಯರವ ಸಮುದಾಯಗಳಲ್ಲಿ ಈ ರೋಗವುಂಟು.

ಸ್ವಸ್ಥ ಕೆಂಪು ರಕ್ತಕಣವು ಸುಮಾರು 120 ದಿನ ಬಾಳುತ್ತದೆ. ಕುಡುಗೋಲಿನಂತೆ ಬಾಗಿದ ಕಣವು 10ರಿಂದ 20 ದಿನಗಳಲ್ಲಿಯೇ ಒಡೆಯುತ್ತದೆ. ಬಿರುಸಾದ ಈ ಕಣಗಳು ಸೂಕ್ಷ್ಮನಾಳಗಳಲ್ಲಿ ಸಿಲುಕಿ ಚರ್ಮಕ್ಕೆ ಪ್ರಾಣವಾಯು ದೊರೆಯದಂತೆ ಮಾಡುತ್ತವೆ. ಒಳಗಿನ ಹರಿವು ಸರಿಯಾಗದಿದ್ದರೆ ಮೇಲಿನ ಲೇಪವೊಂದರಿಂದಲೇ ಗಾಯ ತುಂಬದು.

ಆದುದರಿಂದ ರಕ್ತರೋಗತಜ್ಞರು, ಚರ್ಮವೈದ್ಯರು, ಶಸ್ತ್ರವೈದ್ಯರು, ಗಾಯ ಕಟ್ಟುವ ದಾದಿಯರು, ಆಹಾರತಜ್ಞರು ಒಂದೇ ಕಡತವನ್ನು ಮುಂದಿಟ್ಟುಕೊಂಡು ಕೂಡಿ ನಿರ್ಧರಿಸಬೇಕೆಂಬುದು ನಮ್ಮ ಅಭಿಪ್ರಾಯ. ಧಮನಿಯ ಹರಿವನ್ನು ಪರೀಕ್ಷಿಸದೆ ಬಿಗಿಪಟ್ಟಿ ಸುತ್ತಿದರೆ ಕಾಲಿಗೇ ಹಾನಿ. ಈ ರೋಗದ ನೋವನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಔಷಧವನ್ನು ದೀರ್ಘಕಾಲ ಸೇವಿಸಿದ ಕೆಲವರಲ್ಲಿ ಚರ್ಮದ ಹುಣ್ಣು ಕಾಣಿಸಿರುವುದೂ ಉಂಟು. ಅದನ್ನು ಮುಂದುವರಿಸಬೇಕೆ ಎಂಬುದನ್ನು ರಕ್ತವನ್ನು ಬಲ್ಲವರೂ ಗಾಯವನ್ನು ಬಲ್ಲವರೂ ಸೇರಿಯೇ ತೀರ್ಮಾನಿಸಬೇಕಲ್ಲವೆ?

ಆಯುರ್ವೇದಕ್ಕೆ ಈ ವಿಚಾರ ಹೊಸತಲ್ಲ. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳ ಮೇಲೆ ಚಿಕಿತ್ಸೆ ನಿಲ್ಲುವುದೆಂದು ಚರಕಸಂಹಿತೆ ಹೇಳುತ್ತದೆ. ವ್ರಣಕ್ಕೆ 60 ಉಪಕ್ರಮಗಳನ್ನು ವಿವರಿಸಿದ ಸುಶ್ರುತನು ರಕ್ತಸ್ರಾವಣವನ್ನೂ ಅವುಗಳಲ್ಲಿ ಎಣಿಸಿದ್ದಾನೆ. ಆದರೆ ಪಾಂಡುರೋಗಿಗಳ ಊತಕ್ಕೆ ಅದು ಸಲ್ಲದೆಂದು ಎಚ್ಚರಿಸಿದವನೂ ಅವನೇ. ಹೀಗಿರುವಾಗ ಹಿಮೋಗ್ಲೋಬಿನ್ ಎಷ್ಟಿದೆಯೆಂದು ತಿಳಿಯದೆ ಮಾಯದ ಹುಣ್ಣಿಗೆ ಜಿಗಣೆ ಹಚ್ಚುವುದು ಶಾಸ್ತ್ರಕ್ಕೂ ವಿರುದ್ಧ, ರೋಗಿಗೂ ಅಪಾಯ. ನಮ್ಮ ಪದ್ಧತಿಯ ವೈದ್ಯಬಂಧುಗಳು ಇದನ್ನು ಗಂಭೀರವಾಗಿ ಪರಿಗಣಿಸಬೇಕು. ಇಂತಹ ರೋಗಿಗೆ ನಾವು ಮಾಡಬಹುದಾದ ಮೊದಲ ಉಪಕಾರವೆಂದರೆ ರಕ್ತಪರೀಕ್ಷೆಗೆ ಕಳುಹಿಸುವುದು. ಬಳಿಕ ಪಥ್ಯ, ವ್ರಣಶುಚಿ, ಧೈರ್ಯ ತುಂಬುವ ಕಾರ್ಯಗಳಲ್ಲಿ ತಂಡದ ಒಬ್ಬರಾಗಿ ದುಡಿಯಲು ಸಾಕಷ್ಟು ಅವಕಾಶವಿದೆ.

2047ರೊಳಗೆ ಸಿಕಲ್ ಸೆಲ್ ನಿರ್ಮೂಲನೆಯ ಗುರಿಯೊಡನೆ ರಾಷ್ಟ್ರೀಯ ಅಭಿಯಾನವು 2023ರ ಜುಲೈ 1ರಂದು ಆರಂಭವಾಯಿತು; ಕರ್ನಾಟಕವೂ ಅದರಲ್ಲಿ ಸೇರಿದೆ. ರೋಗವನ್ನು ಗುರುತಿಸುವುದರೊಂದಿಗೆ, ಹಾಡಿಯ ಸಮೀಪದಲ್ಲಿಯೇ ಗಾಯದ ಆರೈಕೆಯೂ ದೊರೆಯಬೇಕು. ದಿನಗೂಲಿ ಬಿಟ್ಟು ಐದು ಬಾಗಿಲುಗಳಿಗೆ ಅಲೆಯುವ ಶಕ್ತಿ ಆ ಕಾಲಿಗಿಲ್ಲ. ಐವರು ವೈದ್ಯರು ಒಂದು ಬಾಗಿಲಲ್ಲಿ ಕೂಡುವುದೇ ನ್ಯಾಯ.