ಮಾತೃಭಾಷೆ ಕಾಲಂನಾಗ ಏನು ಬರೆಸೀರಿ?

ಉಮರ್ಗಾ, ನಿಲಂಗಾ, ಉದಗೀರ ತಾಲೂಕಿನ ನಮ್ಮ ಗಡಿ ಹಳ್ಳಿಗಳ ಝಡ್‌ಪಿ ಶಾಲೆಗೆ ಒಮ್ಮೆ ಹೋಗಿ ನೋಡ್ರಿ. ಆಟದ ಹೊತ್ತಿನಾಗ ನಮ್ಮ ಹುಡುಗರು ಜಗಳಾಡೋದು ಕನ್ನಡದಾಗ, ಬಿದ್ದು ಅಳೋದೂ ಕನ್ನಡದಾಗ. ಆದ್ರ ದಾಖಲಾತಿ ರಿಜಿಸ್ಟರ್ ತೆಗೆದರೆ ಮಾತೃಭಾಷೆ ಕಾಲಂನಲ್ಲಿ ಅದೇ ಹುಡುಗರ ಮುಂದೆ ‘ಮರಾಠಿ’ ಅಂತ ಇರ್ತದ.

ಎಷ್ಟೋ ಸಲ ಗುರುಜಿ ಕೇಳೋದೇ ಇಲ್ಲ. ಕೇಳಿದರೂ ನಾವೇ ಅಂಜಿ ಮರಾಠಿ ಅಂತ ಹೇಳಿಬಿಡ್ತೀವಿ. ತಪ್ಪು ನಮ್ಮದೂ ಅದ.

ಒಂದು ಕಾಲಂನಿಂದ ಏನಾಗ್ತದ ಅಂತೀರೇನು? 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರ ಒಪ್ಪಿತ್ತು: ಬೇರೆ ಮಾತೃಭಾಷೆಯ ಮಕ್ಕಳು ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಇದ್ದರೆ, ಆ ಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕರನ್ನು ಕೊಡಬೇಕು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ರಾಜ್ಯಗಳು ಸೌಲಭ್ಯ ಒದಗಿಸಲು ಯತ್ನಿಸಬೇಕು ಅಂತ ಅದು ಹೇಳ್ತದ. ಅಲ್ಲಿತನಕ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ ಮುಂಬೈ ರಾಜ್ಯಕ್ಕೆ ಹೋದದ್ದೂ ಅದೇ ವರ್ಷ. ಗಡಿ ಸರಿದಾಗ ನಮ್ಮಂಥವರಿಗೆ ಕೊಟ್ಟ ಮಾತು ಅದು. ಆದ್ರ ರಿಜಿಸ್ಟರ್‌ನಾಗ ಕನ್ನಡ ಮಕ್ಕಳೇ ಇಲ್ಲ ಅಂದ್ಮ್ಯಾಲ 10 ಎಲ್ಲಿ, 40 ಎಲ್ಲಿ?

ಇನ್ನೊಂದು ಚಿಂತೆ ಅದ. ಮುಂಜಾನೆ ಇಂಗ್ಲಿಷ್ ಶಾಲೆಯ ವ್ಯಾನ್ ಊರಿಗೆ ಬರ್ತದ, ಝಡ್‌ಪಿ ಶಾಲೆಯ ಪಟಸಂಖ್ಯೆ ಇಳೀತದ. 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಕೂಡಿಸಿ ‘ಸಮೂಹ ಶಾಲೆ’ ಮಾಡುವ ಮಾತನ್ನು 2023ರಲ್ಲಿ ಸರಕಾರವೇ ತೆಗೆದಿತ್ತು. ಶಾಲೆಯೇ ಹೋದರೆ ಕನ್ನಡ ಶಿಕ್ಷಕರನ್ನು ಯಾವ ಶಾಲೆಗೆ ಕೇಳೋಣ?

ಮರಾಠಿ ಜೊತೆ ನಮ್ಮ ಜಗಳ ಇಲ್ಲ. ಬಜಾರಕ್ಕೆ, ನೌಕರಿಗೆ, ನೆರೆಮನೆಯವರ ಜೊತೆ ಬಾಳೋಕೆ ನಮಗೆ ಮರಾಠಿ ಬೇಕು, ನಮ್ಮ ಮಕ್ಕಳು ಚಂದ ಕಲೀಲಿ. ಮಾತೃಭಾಷೆ ಕನ್ನಡ ಅಂತ ಬರೆಸಿದರೆ ನಾವು ಮಹಾರಾಷ್ಟ್ರದವರಲ್ಲ ಅಂತ ಆಗಂಗಿಲ್ಲ.

ಅದಕ್ಕೇ ಜೂನ್‌ನಾಗ ಮಗುವಿನ ಹೆಸರು ಹಚ್ಚೋಕೆ ಹೋದಾಗ ಬಾಯಿಬಿಟ್ಟು ಕನ್ನಡ ಅಂತ ಹೇಳ್ರಿ, ಬರೆದದ್ದನ್ನು ಓದಿಸಿ ಕೇಳ್ರಿ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರ್ತಾರೆ. 10 ಅಥವಾ 40 ತುಂಬಿದ ಊರಾಗ ಆ ಸಮಿತಿಯಿಂದ ಠರಾವು ಮಾಡಿಸಿ ಜಿಲ್ಲಾ ಪರಿಷತ್ತಿಗೆ ಕಳಿಸೋಣ, ಅರ್ಜಿ ಬರೆಯೋಕೆ ನಾವು ಬರ್ತೀವಿ. ಲೆಕ್ಕದಾಗ ಇಲ್ಲದ ಮಕ್ಕಳಿಗೆ ಸರಕಾರ ಗುರುಜಿ ಕೊಡಂಗಿಲ್ಲ.