ಬಾಣಲೆಯಿಂದ ಬಾನಿಗೆ
ಬೆಳಗಾದರೆ ಅಹಮದಾಬಾದ್, ವಡೋದರಾ, ಸೂರತ್‌ನ ಫರಸಾಣ್ ಎಂಬ ಕುರುಕಲು ತಿಂಡಿಯ ಅಂಗಡಿಗಳಲ್ಲಿ ಬಾಣಲೆ ಕಾಯುತ್ತದೆ. ಮರದ ಹಲಗೆಯ ಮೇಲೆ ಅಂಗೈಯಿಂದ ತೀಡಿದ ಕಡಲೆಹಿಟ್ಟಿನ ಪಟ್ಟಿ ಎಣ್ಣೆಗೆ ಬಿದ್ದು, ಗುಳ್ಳೆಯೆದ್ದು, ಗರಿಗರಿ ಫಾಫಡಾ ಆಗಿ ಮೇಲೆ ಬರುತ್ತದೆ. ಕರಿದು ಕರಿದು ಕಪ್ಪಾದ ಆ ಎಣ್ಣೆಯಿಂದ ಈಗ ವಿಮಾನದ ಇಂಧನ ತಯಾರಿಸಬಹುದು. ಪಾಣಿಪತ್‌ನ ಇಂಡಿಯನ್ ಆಯಿಲ್ ಸಂಸ್ಕರಣಾಗಾರಕ್ಕೆ 2025ರಲ್ಲಿ ಇದಕ್ಕಾಗಿ ಅಂತರರಾಷ್ಟ್ರೀಯ ಪ್ರಮಾಣಪತ್ರವೂ ಸಿಕ್ಕಿದೆ. ವಿದೇಶಕ್ಕೆ ಹಾರುವ ವಿಮಾನಗಳಲ್ಲಿ ಇಂಥ ಹಸಿರು ಇಂಧನವನ್ನು 2027ಕ್ಕೆ ಶೇ 1, 2028ಕ್ಕೆ ಶೇ 2, 2030ಕ್ಕೆ ಶೇ 5ರಷ್ಟು ಬೆರೆಸುವ ಗುರಿ ನಮ್ಮ ದೇಶದ್ದು. ಗುರಿ ಸಣ್ಣದೆನಿಸಬಹುದು, ಅಷ್ಟಕ್ಕೆ ಎಣ್ಣೆ ಹೊಂದಿಸುವುದೇ ದೊಡ್ಡ ಪಾಡು. ಅಂಗಡಿ ಅಂಗಡಿ ಸುತ್ತಿ ಡಬ್ಬ ಡಬ್ಬವಾಗಿ ಕೂಡಿಸಬೇಕು, ಅದೇ ಎಣ್ಣೆಗೆ ಬಯೋಡೀಸೆಲ್ ತಯಾರಕರೂ ಕಾದಿರುತ್ತಾರೆ, ಹಸಿರು ಇಂಧನದ ಬೆಲೆಯೋ ಮಾಮೂಲಿ ವಿಮಾನ ಇಂಧನದ ದುಪ್ಪಟ್ಟಿಗೂ ಮೇಲೆ. ಹಾಗಾಗಿ ಇರುವಷ್ಟು ಹಸಿರು ಇಂಧನ ಸಮುದ್ರ ದಾಟುವ ವಿಮಾನಗಳಿಗಿರಲಿ, ಹತ್ತಿರದ ಊರಿಗೆ ರೈಲೇ ಸರಿ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮುಂಬೈ–ಅಹಮದಾಬಾದ್ ನಡುವೆ 508 ಕಿ.ಮೀ. ಬುಲೆಟ್ ರೈಲಿನ ಹಾದಿ ಎದ್ದು ನಿಲ್ಲುತ್ತಿದೆ. ಸೂರತ್, ವಡೋದರಾ ಎರಡಕ್ಕೂ ಅದರಲ್ಲಿ ನಿಲ್ದಾಣವಿದೆ. ನಮ್ಮ ಬೆಂಗಳೂರು–ಚೆನ್ನೈ ನಡುವೆ ಇವತ್ತಿಗೂ ದಿನವಿಡೀ ವಿಮಾನಗಳು ಹಾರುತ್ತಿವೆ, ವಂದೇ ಭಾರತ್ ಸುಮಾರು ನಾಲ್ಕೂವರೆ ಗಂಟೆಯಲ್ಲಿ ತಲುಪಿಸುತ್ತಿದ್ದರೂ.